ವಯಸ್ಸನ್ನು ನೆಪ ಮಾಡಬೇಡಿ: ವೈದ್ಯರಿಗೂ ಅವರ ಗುರುಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ, ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಗುರುಗಳೇ, ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರೇ,

ನಿಮಗೆಲ್ಲ ನನ್ನ ಗೌರವದ ನಮಸ್ಕಾರ. ನಾನು ವೈದ್ಯೆಯಲ್ಲ. ಮನೆಯಲ್ಲಿ ಹಿರಿಯರನ್ನೂ ಮಕ್ಕಳನ್ನೂ ನೋಡಿಕೊಂಡವಳು. ಅವರನ್ನು ಕರೆದುಕೊಂಡು ಬಂದು ನಿಮ್ಮ ಕೋಣೆಗಳ ಹೊರಗೆ ಕಾದು ಕೂತವಳು. ಹಾಗೆ ಕೂತಾಗ ಕಂಡದ್ದನ್ನೂ, ಕಂಡದ್ದು ಅರ್ಥವಾಗದೆ ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಈ ಪತ್ರದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ದಯವಿಟ್ಟು ಕೊನೆತನಕ ಓದಿ.

ಮನುಷ್ಯನ ವಯಸ್ಸಿನ ವಿಷಯದಲ್ಲಿ ವೈದ್ಯಲೋಕ ಎರಡು ತಪ್ಪು ಮಾಡುತ್ತಿದೆ ಅನ್ನುವುದೇ ನನ್ನ ದೂರು. ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾದ ಕಡೆ ಅದನ್ನು ಮರೆಯುತ್ತದೆ. ಅದು ಕಾರಣವೇ ಅಲ್ಲದ ಕಡೆ ಅದರ ತಲೆಗೆ ಎಲ್ಲವನ್ನೂ ಕಟ್ಟಿ ಕೈ ತೊಳೆದುಕೊಳ್ಳುತ್ತದೆ. ಈ ಎರಡರಿಂದಲೂ ಜನ ನರಳುತ್ತಿದ್ದಾರೆ. ಹುಟ್ಟಿದ ಮಗುವಿನಿಂದ ಹಿಡಿದು ತೊಂಬತ್ತು ದಾಟಿದವರ ತನಕ.

ಮೊದಲು ನನ್ನ ಅಮ್ಮನ ವಿಷಯ ಹೇಳುತ್ತೇನೆ. ಎಂಬತ್ತರ ಹತ್ತಿರದ ವಯಸ್ಸು. ನ್ಯುಮೋನಿಯಾ ಆಯಿತು, ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡು ನಡೆದೇ ಹೋದರು. ಆ್ಯಂಟಿಬಯೋಟಿಕ್ ಕೆಲಸ ಮಾಡಿತು, ಜ್ವರ ಇಳಿಯಿತು, ಎಕ್ಸ್‌ರೇ ಚೆನ್ನಾಗಿ ಬಂತು. ಅದಕ್ಕೆ ನಾನು ನಿಜವಾಗಿಯೂ ಋಣಿ. ಆದರೆ ಅಷ್ಟು ದಿನವೂ ಅವರು ಮಂಚ ಬಿಟ್ಟು ಇಳಿಯಲಿಲ್ಲ. ಮಂಚದ ಎರಡೂ ಕಡೆ ಕಂಬಿ ಏರಿಸಿಟ್ಟಿದ್ದರು. ಮೂತ್ರಕ್ಕೆ ನಳಿಗೆ ಹಾಕಿದ್ದರು. ಅದರ ಅಗತ್ಯ ಏನು ಅಂತ ಯಾರೂ ಹೇಳಲಿಲ್ಲ. ಅಮ್ಮ ಕಾಲು ಕೆಳಗಿಡಲು ಹೋದರೆ ಸಾಕು, ‘ಅಮ್ಮಾ, ಏಳಬೇಡಿ, ಬಿದ್ದುಬಿಡ್ತೀರಿ’ ಅಂತ ಯಾರಾದರೂ ಓಡಿ ಬರುತ್ತಿದ್ದರು. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನ ಇಲ್ಲ. ಬಿಡುಗಡೆಯ ದಿನ ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದರೆ ಮಂಡಿ ಕುಸಿಯಿತು. ತೊಡೆ ನೋಡಿದರೆ ಚರ್ಮ ಜೋತುಬಿದ್ದಿತ್ತು. ಗಾಲಿಕುರ್ಚಿಯಲ್ಲಿ ಹೊರಗೆ ಕರೆತಂದೆವು. ಯಾಕೆ ಹೀಗಾಯಿತು ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ಒಂದೇ ಸಾಲಿನದು: ‘ವಯಸ್ಸಾಗಿದೆ ಅಲ್ವಾ, ಇನ್ನೆಷ್ಟು ನಿರೀಕ್ಷೆ ಮಾಡ್ತೀರಿ?’

ಆಸ್ಪತ್ರೆಯಲ್ಲಿದ್ದ ಆ ಕೆಲವೇ ದಿನಗಳಲ್ಲಿ ಅಮ್ಮನಿಗೆ ಅಷ್ಟೊಂದು ವಯಸ್ಸು ಆಗಿಬಿಟ್ಟಿತೇ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕಿ ಓದಿದಾಗ ಗೊತ್ತಾಯಿತು, ಇದಕ್ಕೆ ಉತ್ತರ ನಿಮ್ಮದೇ ಶಾಸ್ತ್ರದಲ್ಲಿ ಎಷ್ಟೋ ವರ್ಷಗಳಿಂದ ಇದೆ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ವಯಸ್ಸಿನ 5 ಜನ ಆರೋಗ್ಯವಂತ ಯುವಕರನ್ನು 3 ವಾರ ಹಾಸಿಗೆಯಲ್ಲೇ ಮಲಗಿಸಿ ಒಂದು ಪ್ರಯೋಗ ಮಾಡಿದರು. ದುಡಿಯುವಾಗ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ ತೀವ್ರವಾಗಿ ಕುಸಿಯಿತು. 30 ವರ್ಷ ಬಿಟ್ಟು, 1996ರಲ್ಲಿ, ಅದೇ ಐವರನ್ನು ಕರೆದು ಮತ್ತೆ ಅಳೆದರು. ಆಗ ಅವರಿಗೆ ಐವತ್ತು. ಆ 30 ವರ್ಷಗಳಲ್ಲಿ ಅವರು ಕಳೆದುಕೊಂಡ ಶಕ್ತಿ, ಆವತ್ತು 3 ವಾರ ಮಲಗಿ ಕಳೆದುಕೊಂಡದ್ದಕ್ಕಿಂತ ಕಡಿಮೆ ಇತ್ತು! ಅಷ್ಟೇ ಅಲ್ಲ, ಆರು ತಿಂಗಳ ವ್ಯಾಯಾಮದ ಬಳಿಕ ಕಳೆದುಹೋದದ್ದನ್ನು ಅವರು ವಾಪಸ್ ಪಡೆದರು. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಮಲಗಿಸಿದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಹೋಯಿತು. ಅವರಿಗೆ ಯಾವ ರೋಗವೂ ಇರಲಿಲ್ಲ. ಮಲಗಿದ್ದು ಬಿಟ್ಟರೆ ಬೇರೆ ಏನೂ ನಡೆದಿರಲಿಲ್ಲ.

ಹೌದು, ಮೂವತ್ತು ದಾಟಿದ ಮೇಲೆ ಮಾಂಸಖಂಡ ಕರಗುತ್ತಾ ಹೋಗುತ್ತದೆ. ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಅನ್ನುತ್ತಾರೆ ತಿಳಿದವರು. ಅದು ವಯಸ್ಸಿನ ಪಾಲು, ನಿಧಾನದ ಪಾಲು. ಅಮ್ಮನ ತೊಡೆಯಲ್ಲಿ ನಾನು ಕಂಡದ್ದು ಅದಲ್ಲ. ಅದು ಮಂಚದ ಪಾಲು. ವಯಸ್ಸು ಮಾಡಿದ್ದು ಇಷ್ಟೇ: ಅಂಥ ಪೆಟ್ಟನ್ನು ತಡೆದುಕೊಳ್ಳಲು ಕೈಯಲ್ಲಿ ಉಳಿದಿದ್ದ ಬಲವನ್ನು ಕಡಿಮೆ ಮಾಡಿತ್ತು. ಹಾಗಿದ್ದ ಮೇಲೆ ವಯಸ್ಸಾದವರನ್ನು ಬೇರೆಯವರಿಗಿಂತ ಬೇಗ ಎಬ್ಬಿಸಿ ನಡೆಸಬೇಕಿತ್ತು ಅಲ್ವಾ? ನಡೆದದ್ದು ತಿರುಗಾಮುರುಗಾ.

ತೊಂಬತ್ತರ ವಯಸ್ಸಿನಲ್ಲಿ ಮಾಂಸಖಂಡ ಮತ್ತೆ ಬೆಳೆಯುತ್ತದೆಯೇ ಅಂತ ಕೇಳುವವರಿಗೂ ಉತ್ತರ ಇದೆ. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ 10 ಜನರಿಗೆ ಕಾಲಿನ ತೂಕದ ವ್ಯಾಯಾಮ ಮಾಡಿಸಿದರು. ಸುಮ್ನೆ ಕೈಕಾಲು ಆಡಿಸುವುದಲ್ಲ, ಏದುಸಿರು ಬರುವಷ್ಟು ಭಾರ. ಸೇರಿದವರ ವಯಸ್ಸು 86ರಿಂದ 96. 8 ವಾರಗಳಲ್ಲಿ ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಅಂದರೆ ಮೊದಲಿದ್ದದ್ದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆ ವಯಸ್ಸಿನ ದೇಹ ಕೂಡ ಕೇಳಿದರೆ ಉತ್ತರ ಕೊಡುತ್ತದೆ.

ಇನ್ನೂ ಹಿಂದೆ ಹೋಗಿ. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರನ್ ಅವರಿಗೆ ಪಕ್ಕದಲ್ಲಿದ್ದ, ಗತಿಯಿಲ್ಲದ ಬಡವರನ್ನು ಇಡುತ್ತಿದ್ದ ಆಶ್ರಯಾಲಯದ ರೋಗಿಗಳ ಜವಾಬ್ದಾರಿ ಬಂತು. ವಯಸ್ಸಾದವರು, ಪಾರ್ಶ್ವವಾಯು ಬಡಿದವರು, ಏನೂ ಮಾಡಲಾಗದು ಅಂತ ವರ್ಷಗಟ್ಟಲೆ ಹಾಸಿಗೆಯಲ್ಲಿ ಬಿಟ್ಟವರು. ವಾರನ್ ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಿದರು. ಯಾರಿಗೆ ಏನು ರೋಗ ಅಂತ ವಿಂಗಡಿಸಿದರು. ಎಬ್ಬಿಸಿದರು, ನಡೆಸಿದರು. ಎಷ್ಟೋ ಜನ ಎದ್ದು ಮನೆಗೆ ಹೋದರು. ಹೊಸ ಔಷಧ ಯಾವುದೂ ಇರಲಿಲ್ಲ ಅವರ ಹತ್ತಿರ. ‘ವಯಸ್ಸಾಯ್ತು’ ಅನ್ನುವ ಉತ್ತರವನ್ನು ಅವರು ಒಪ್ಪಲಿಲ್ಲ, ಅದೇ ದೊಡ್ಡ ವ್ಯತ್ಯಾಸ. ಇಷ್ಟು ವರ್ಷಗಳಾದ ಮೇಲೂ ನನ್ನ ಅಮ್ಮನಿಗೆ ಅದೇ ಹಳೇ ಉತ್ತರ ಯಾಕೆ ಸಿಕ್ಕಿತು?

ಇನ್ನು ನನ್ನ ದೂರಿನ ಇನ್ನೊಂದು ಮುಖ. ವಯಸ್ಸನ್ನು ಮರೆತದ್ದು.

ಹಸುಗೂಸು ಅಂದರೆ ಚಿಕ್ಕ ಅಳತೆಯ ದೊಡ್ಡವರಲ್ಲ. ಹುಟ್ಟಿದ ಮಗುವಿನ ಎದೆ ನಿಮಿಷಕ್ಕೆ 120ರಿಂದ 160 ಸಲ ಬಡಿಯುವುದು ಸಹಜ. ದೊಡ್ಡವರ ಎದೆ ಹಾಗೆ ಬಡಿದರೆ ಗಾಬರಿಯಾಗಬೇಕು. ಮಗುವಿನ ಮೈಯಿಂದ ನೀರು, ರಕ್ತ ಹೋಗುತ್ತಿದ್ದರೂ ರಕ್ತದೊತ್ತಡ ತುಂಬಾ ಹೊತ್ತು ಸರಿಯಾಗಿಯೇ ಇರುತ್ತದೆ, ಇಳಿದಾಗ ಕೈ ಮೀರಿರುತ್ತದೆ. ಯಕೃತ್ತು ಇನ್ನೂ ಔಷಧವನ್ನು ಅರಗಿಸಲು ಕಲಿಯುತ್ತಿರುತ್ತದೆ. ಇದನ್ನು ವೈದ್ಯಲೋಕ ತುಂಬಾ ದುಬಾರಿ ಬೆಲೆ ತೆತ್ತು ಕಲಿಯಿತು. ಕ್ಲೋರಾಂಫೆನಿಕಾಲ್ ಅನ್ನುವ ಆ್ಯಂಟಿಬಯೋಟಿಕ್ ದೊಡ್ಡವರಿಗೆ ಒಳ್ಳೆಯ ಔಷಧವಾಗಿತ್ತು. ನವಜಾತ ಶಿಶುಗಳಿಗೂ ಕೊಟ್ಟರು. ಕೆಲವು ಮಕ್ಕಳ ಹೊಟ್ಟೆ ಉಬ್ಬಿತು, ಮೈ ಬೂದಿ ಬಣ್ಣಕ್ಕೆ ತಿರುಗಿತು, ಪ್ರಾಣ ಹೋಯಿತು. ಆ ಮಕ್ಕಳ ಯಕೃತ್ತಿಗೆ ಅದನ್ನು ಹೊರಹಾಕುವ ಶಕ್ತಿಯೇ ಬಂದಿರಲಿಲ್ಲ ಅನ್ನುವುದು 1959ರ ಹೊತ್ತಿಗೆ ಗೊತ್ತಾಯಿತು. ತೂಕಕ್ಕೆ ತಕ್ಕಂತೆ ಡೋಸ್ ಇಳಿಸಿದರೆ ಸಾಕು ಅನ್ನುವ ಲೆಕ್ಕ ಅಲ್ಲಿ ಮುರಿದುಬಿತ್ತು.

ನೋವಿನ ಕಥೆ ಇನ್ನೂ ಕಷ್ಟದ್ದು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1980ರ ದಶಕದವರೆಗೂ ಎಳೆಯ ಶಿಶುಗಳಿಗೆ ಆಪರೇಷನ್ ಮಾಡುವಾಗ ಎಷ್ಟೋ ಕಡೆ ನೋವಿಗೆ ಸರಿಯಾದ ಔಷಧ ಕೊಡುತ್ತಿರಲಿಲ್ಲ. ಮಿಸುಕಾಡದ ಹಾಗೆ ಔಷಧ ಕೊಟ್ಟು ಕೊಯ್ಯುತ್ತಿದ್ದರು. ಎಳೆಯ ನರಗಳಿಗೆ ನೋವು ಗೊತ್ತಾಗುವುದಿಲ್ಲ, ಗೊತ್ತಾದರೂ ನೆನಪಿರುವುದಿಲ್ಲ, ಔಷಧವೇ ಅಪಾಯ ಅನ್ನುವ ನಂಬಿಕೆ ಇತ್ತು. 1987ರಲ್ಲಿ ಕೆ. ಜೆ. ಎಸ್. ಆನಂದ್ ಮತ್ತು ಸಹೋದ್ಯೋಗಿಗಳು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಮೇಲಿನ ಅಧ್ಯಯನ ಪ್ರಕಟಿಸಿದರು. ಹೃದಯದ ಬಳಿಯ ಆಪರೇಷನ್ನಿನಲ್ಲಿ ಫೆಂಟನಿಲ್ ಅನ್ನುವ ನೋವಿನ ಔಷಧ ಸಿಕ್ಕ ಮಕ್ಕಳಿಗಿಂತ, ಸಿಗದ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ತುಂಬಾ ಏರಿದ್ದವು. ಆಮೇಲೆ ತೊಂದರೆಗಳೂ ಅವರಿಗೇ ಜಾಸ್ತಿ ಆದವು. ಅಷ್ಟರ ನಂತರ ಪದ್ಧತಿ ಬದಲಾಯಿತು. ಅಲ್ಲಿತನಕ ಅಳುತ್ತಿದ್ದ ಮಗು ತಾನಾಗಿಯೇ ಹೇಳುತ್ತಿದ್ದುದನ್ನು ಯಾರೂ ಸಾಕ್ಷಿ ಅಂತ ಪರಿಗಣಿಸಲಿಲ್ಲ.

ಮಕ್ಕಳ ವಿಷಯದಲ್ಲಿ ಪಾಠ ಕಲಿತಿರಿ, ಸಂತೋಷ. ಬದುಕಿನ ಇನ್ನೊಂದು ತುದಿಯಲ್ಲಿ ಅದೇ ಪಾಠ ಇನ್ನೂ ಅರ್ಧಕ್ಕೇ ನಿಂತಿದೆ. ವಯಸ್ಸಾದ ಹಾಗೆ ಮೈಯಲ್ಲಿ ನೀರಿನ ಪಾಲು ಇಳಿಯುತ್ತದೆ, ಕೊಬ್ಬಿನ ಪಾಲು ಏರುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧ ಮೈಯಲ್ಲೇ ಕೂತುಬಿಡುತ್ತದೆ. ಡಯಜೆಪಾಮ್ ಅನ್ನುವ ನಿದ್ದೆ ತರಿಸುವ, ಆತಂಕ ಇಳಿಸುವ ಮಾತ್ರೆಯನ್ನೇ ನೋಡಿ. 1975ರ ಅಧ್ಯಯನದ ಪ್ರಕಾರ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಇಪ್ಪತ್ತರ ವಯಸ್ಸಿನಲ್ಲಿ ಸುಮಾರು 20 ಗಂಟೆ ಬೇಕು. ಎಂಬತ್ತರ ವಯಸ್ಸಿನಲ್ಲಿ ಸುಮಾರು 90 ಗಂಟೆ. ದಿನಕ್ಕೊಂದರಂತೆ ನುಂಗಿದ ಅಜ್ಜಿಯ ಮೈಯಲ್ಲಿ ಎಷ್ಟು ಮಾತ್ರೆಗಳ ಮಂಪರು ಸೇರಿರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಆಮೇಲೆ ಅವರು ತೂಗಾಡುತ್ತಾರೆ, ಹೆಸರು ಮರೆಯುತ್ತಾರೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಆಗಲೂ ಬರುವ ಉತ್ತರ ವಯಸ್ಸೇ.

ಮೂತ್ರಪಿಂಡದ ಪರೀಕ್ಷೆಯಲ್ಲೂ ಇಂಥದ್ದೇ ಒಂದು ಮೋಸ ಅಡಗಿದೆ. ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಅನ್ನುವ ಕಸ ಹುಟ್ಟುವುದು ಮಾಂಸಖಂಡದಲ್ಲಿ, ಅದನ್ನು ಹೊರಹಾಕುವುದು ಮೂತ್ರಪಿಂಡ. ಮಾಂಸಖಂಡವೇ ಕರಗಿಹೋದವರಲ್ಲಿ ಅದು ಕಡಿಮೆ ಹುಟ್ಟುತ್ತದೆ. ಹೀಗಾಗಿ ಮೂತ್ರಪಿಂಡ ಸೋತಿದ್ದರೂ ರಿಪೋರ್ಟಿನಲ್ಲಿ ಅಂಕಿ ಸರಿಯಾಗಿಯೇ ಕಾಣಬಹುದು. ಅದನ್ನು ನೋಡಿ ಪೂರ್ತಿ ಡೋಸ್ ಬರೆದರೆ ಔಷಧ ವಿಷವಾಗುತ್ತದೆ. ವಯಸ್ಸಾದವರಿಗೆ ಯಾವ ಔಷಧ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು ಅಂತ ಮಾರ್ಕ್ ಬಿಯರ್ಸ್ ಅವರು 1991ರಲ್ಲೇ ಪಟ್ಟಿ ಮಾಡಿಕೊಟ್ಟರು. ಅದು ಇಂದಿಗೂ ಪರಿಷ್ಕಾರವಾಗುತ್ತಾ ಬಂದಿದೆ. ಐದಾರು ತಜ್ಞರು ಬೇರೆಬೇರೆಯಾಗಿ ಬರೆದ ಚೀಟಿಗಳನ್ನು ಒಟ್ಟಿಗೆ ಇಟ್ಟು ಆ ಪಟ್ಟಿಯ ಜೊತೆ ಹೋಲಿಸಿ ನೋಡಿದ ಒಬ್ಬ ವೈದ್ಯರನ್ನೂ ನಾನು ಕಂಡಿಲ್ಲ. ಪ್ರತಿಯೊಬ್ಬರೂ ತಮ್ಮ ಅಂಗವನ್ನು ಚೆನ್ನಾಗಿ ನೋಡಿದರು. ಒಟ್ಟು ಮನುಷ್ಯನನ್ನು ನೋಡುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ರೋಗದ ಲಕ್ಷಣಗಳೂ ವಯಸ್ಸಿನ ಜೊತೆ ವೇಷ ಬದಲಿಸುತ್ತವೆ. ಹೃದಯಾಘಾತವಾದರೂ ಹಿರಿಯರಲ್ಲಿ ಎದೆನೋವು ಬಾರದೇ ಇರಬಹುದು. ಬರೀ ಉಸಿರು ಕಟ್ಟುವುದು, ಸುಸ್ತು. ಸೋಂಕಾದರೂ ಜ್ವರ ಏರದೇ ಇರಬಹುದು. ನಿನ್ನೆ ತನಕ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಏನೇನೋ ಬಡಬಡಿಸುತ್ತಿದ್ದರೆ ಅದು ಮರೆಗುಳಿ ರೋಗವಲ್ಲ, ಒಳಗೆ ಏನೋ ತುರ್ತಾಗಿ ಕೆಟ್ಟಿದೆ ಅಂತ ಅರ್ಥ. ಇದು ನಿಮಗೆ ಗೊತ್ತು. ಗಡಿಬಿಡಿಯಲ್ಲಿ ಮರೆತುಹೋಗುತ್ತದೆ, ಮನೆಯವರು ಹೇಳಿದ ಮಾತಿಗೂ ಬೆಲೆ ಸಿಗುವುದಿಲ್ಲ. ‘ಇವರು ಹೀಗಿರಲಿಲ್ಲ’ ಅನ್ನುವ ಮಾತು ನಿಮಗೆ ಸಿಗುವ ಅತಿ ಮುಖ್ಯ ಮಾಹಿತಿ. ದಯವಿಟ್ಟು ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ.

ವಯಸ್ಸಿನ ನೆಪಕ್ಕೆ ಸಿಕ್ಕುವವರು ವೃದ್ಧರು ಮಾತ್ರ ಅಲ್ಲ. ಹದಿಹರೆಯದವರು ಮಂಕಾದರೆ, ಊಟ ನಿದ್ದೆ ಬಿಟ್ಟರೆ, ‘ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ’ ಅಂದುಬಿಡುತ್ತೇವೆ. ನಾವು ಮನೆಯವರೂ ಅನ್ನುತ್ತೇವೆ, ನೀವೂ ಅನ್ನುತ್ತೀರಿ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಹೇಳುವಂತೆ ಬದುಕಿನಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14ರ ಹೊತ್ತಿಗೆ ಶುರುವಾಗಿರುತ್ತವೆ, ಮುಕ್ಕಾಲು ಭಾಗ 24ರ ಹೊತ್ತಿಗೆ. ಅಂದರೆ ಯಾವ ವಯಸ್ಸಿನಲ್ಲಿ ಅತಿ ಹುಷಾರಾಗಿ ಕೇಳಬೇಕೋ ಅದೇ ವಯಸ್ಸಿನಲ್ಲಿ ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೇವೆ. ಎಲುಬಿನ ವಿಷಯವೂ ಇದೇ ವಯಸ್ಸಿಗೆ ಸೇರಿದ್ದು. ಜೀವಮಾನದ ಎಲುಬಿನ ಬಹುಪಾಲು ಇಪ್ಪತ್ತರೊಳಗೇ ಕೂಡಿಬಿಡುತ್ತದೆ. ಮೂವತ್ತರ ಆಸುಪಾಸಿನ ತನಕ ಇನ್ನಷ್ಟು ಸೇರಬಹುದು. ಆಮೇಲೆ ಬದುಕಿಡೀ ಅದೇ ಗಂಟನ್ನು ಕರಗಿಸುತ್ತಾ ಹೋಗಬೇಕು. ಎಪ್ಪತ್ತರಲ್ಲಿ ಮುರಿಯುವ ಸೊಂಟದ ಕಥೆ ಹದಿನೈದರಲ್ಲೇ ಅರ್ಧ ಬರೆದಾಗಿರುತ್ತದೆ. ಆದರೆ ಮಕ್ಕಳ ವೈದ್ಯರಿಗೂ ಎಲುಬಿನ ವೈದ್ಯರಿಗೂ ನಡುವೆ ಐವತ್ತು ವರ್ಷಗಳ ಮೌನ.

ಹೆಂಗಸರ ವಿಷಯಕ್ಕೆ ಬಂದರೆ ಈ ಮೌನ ಇನ್ನೂ ಜಾಸ್ತಿ. ನನ್ನ ಅಕ್ಕನಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಹೆರಿಗೆ ಆಗುವ ತನಕ ಬಹಳ ಚೆನ್ನಾಗಿ ನೋಡಿಕೊಂಡರು. ಮಗು ಹುಟ್ಟಿತು, ಸಕ್ಕರೆ ಇಳಿಯಿತು, ಫೈಲ್ ಮುಚ್ಚಿತು. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಮಗುವಿನ ಲಸಿಕೆಗಳ ದಿನಾಂಕ ಎಲ್ಲ ಇತ್ತು. ಅಕ್ಕ ಮುಂದೆ ಯಾವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಒಂದು ಸಾಲೂ ಇರಲಿಲ್ಲ. ವರ್ಷಗಳಾದ ಮೇಲೆ ಕಾಲಿನ ಗಾಯ ಮಾಯದೆ ಬೇರೆ ಕಡೆ ತೋರಿಸಿದಾಗ ಸಕ್ಕರೆ ವಿಪರೀತ ಏರಿತ್ತು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ಲೆಕ್ಕದಲ್ಲಿ ಅದು 7 ಪಟ್ಟು. ಬಸಿರಿನಲ್ಲಿ ರಕ್ತದೊತ್ತಡ ಏರಿ ಪ್ರಿ-ಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗದ ಅಪಾಯ ಸುಮಾರು ಇಮ್ಮಡಿ. ಬಸಿರು ಅನ್ನುವುದು ಹೆಣ್ಣಿನ ದೇಹ ಮುಂದಿನ ಮೂವತ್ತು ವರ್ಷಗಳ ಬಗ್ಗೆ ಮುಂಚೆಯೇ ಕೊಡುವ ಸುಳಿವು. ಆ ಸುಳಿವು ನಿಮ್ಮ ಕೈಗೆ ಸಿಕ್ಕಿತ್ತು. ಅದನ್ನು ಅಕ್ಕನ ಕೈಗೆ ದಾಟಿಸಲಿಲ್ಲ. ಇದಕ್ಕೆ ದೊಡ್ಡ ಯಂತ್ರ ಬೇಡ, ದುಡ್ಡು ಬೇಡ. ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಮುಟ್ಟು ನಿಲ್ಲುವ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಎಲ್ಲರಿಗೂ ಆಗುವುದೇ’ ಅನ್ನುವ ಮಾತು ಸತ್ಯ. ಎಲ್ಲರಿಗೂ ಆಗುತ್ತದೆ ಅನ್ನುವುದಕ್ಕೇ ಅದರ ಬಗ್ಗೆ ಎಲ್ಲ ವೈದ್ಯರಿಗೂ ಗೊತ್ತಿರಬೇಕು. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿದ ಮೇಲಿನ ಮೊದಲ ಕೆಲವು ವರ್ಷಗಳಲ್ಲೇ ಎಲುಬು ಅತಿ ವೇಗವಾಗಿ ಸವೆಯುತ್ತದೆ. ಕೇಳಬೇಕಾದ ಹೊತ್ತು ಅದು.

ಬದುಕನ್ನು ಹೀಗೆ ತುಂಡು ಮಾಡಿ ನೋಡಿದರೆ ಏನು ಕಳೆದುಹೋಗುತ್ತದೆ ಅಂತ ತೋರಿಸಿಕೊಟ್ಟವರೂ ನಿಮ್ಮವರೇ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ದಾದಿಯರು ಹುಟ್ಟಿದ ಪ್ರತಿ ಮಗುವಿನ ತೂಕ, ಒಂದು ವರ್ಷವಾದಾಗಿನ ತೂಕ, ಎಲ್ಲವನ್ನೂ ದಫ್ತರದಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಡೇವಿಡ್ ಬಾರ್ಕರ್ ಮತ್ತು ಜೊತೆಗಾರರಿಗೆ ಆ ದಫ್ತರಗಳು ಸಿಕ್ಕವು. 1911ರಿಂದ 1930ರ ನಡುವೆ ಹುಟ್ಟಿದ 5,600ಕ್ಕೂ ಹೆಚ್ಚು ಗಂಡಸರು ಆಮೇಲೆ ಏನಾದರು ಅಂತ ಹುಡುಕಿದರು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ತೂಕ ಕಡಿಮೆ ಇದ್ದವರಲ್ಲೇ ಹೃದ್ರೋಗದಿಂದ ಸತ್ತವರು ಜಾಸ್ತಿ. ಇದು ಪ್ರಕಟವಾದದ್ದು 1989ರಲ್ಲಿ. ನೆದರ್‌ಲೆಂಡ್ಸ್‌ನಲ್ಲಿ 1944–45ರ ಚಳಿಗಾಲದ ಬರಗಾಲದ ಹೊತ್ತಿಗೆ ತಾಯಿಯ ಹೊಟ್ಟೆಯಲ್ಲಿದ್ದವರನ್ನು ನೋಡಿದಾಗಲೂ ಹೀಗೇ ಕಂಡಿತು. ಐವತ್ತರ ವಯಸ್ಸಿನಲ್ಲಿ ಅವರ ಮೈ ಸಕ್ಕರೆಯನ್ನು ನಿಭಾಯಿಸಲು ಹೆಣಗುತ್ತಿತ್ತು. ಬರಗಾಲ ಮುಗಿದು ಅರ್ಧ ಶತಮಾನ ಆಗಿತ್ತು, ಮೈ ಮರೆತಿರಲಿಲ್ಲ.

ಇದನ್ನು ಓದಿ ಹಣೆಬರಹ ಅಂತ ಕೈಚೆಲ್ಲಬಾರದು. ಕಡಿಮೆ ತೂಕದಲ್ಲಿ ಹುಟ್ಟಿದವರೆಲ್ಲ ಹೃದ್ರೋಗಿಗಳಾಗುವುದಿಲ್ಲ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಅಂದಿನಿಂದ ಇಂದಿನವರೆಗೂ ಹಿಂಬಾಲಿಸುತ್ತಾ ಬಂದಿದ್ದಾರೆ. ಅವರಿಗೆ 38 ಆದಾಗ ರಕ್ತ, ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು ಎಲ್ಲವನ್ನೂ ಅಳೆದು ದೇಹದ ವಯಸ್ಸು ಲೆಕ್ಕ ಹಾಕಿದರು. ಕೆಲವರದು 30ಕ್ಕೂ ಕಡಿಮೆ ಬಂತು, ಕೆಲವರದು 60ರ ಹತ್ತಿರ. ಎಲ್ಲರ ಜನ್ಮದಿನ ಒಂದೇ ವರ್ಷದ ಅಂತರದಲ್ಲಿ! ಹಾಗಿರುವಾಗ ಕೇಸ್ ಶೀಟಿನ ಮೇಲ್ತುದಿಯಲ್ಲಿ ಬರೆದ ವಯಸ್ಸಿನ ಅಂಕಿ ನೋಡಿ ಒಬ್ಬರಿಗೆ ಏನು ಸಾಧ್ಯ, ಏನು ಅಸಾಧ್ಯ ಅಂತ ತೀರ್ಮಾನಿಸುವುದು ಹೇಗೆ?

ವಯಸ್ಸು ಏನೂ ಮಾಡುವುದಿಲ್ಲ ಅಂತ ನಾನು ವಾದಿಸುತ್ತಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತದೆ, ಓದಲು ಕನ್ನಡಕ ಬೇಕಾಗುತ್ತದೆ. ಓಡುವಾಗ ಎದೆ ಮೊದಲಿನಷ್ಟು ವೇಗವಾಗಿ ಬಡಿಯಲಾರದು. ಗಾಯ ನಿಧಾನವಾಗಿ ಮಾಯುತ್ತದೆ. ಇದೆಲ್ಲ ಸಹಜ. ಆದರೆ ಸಹಜ ಅಂದರೆ ಉಪಾಯ ಇಲ್ಲ ಅಂತ ಅರ್ಥವಲ್ಲ. ಕಣ್ಣಿಗೆ ಕನ್ನಡಕ ಕೊಡುತ್ತೀರಿ. ಕಿವಿ ಕೇಳಿಸದಿದ್ದರೆ ಮಾತ್ರ ‘ವಯಸ್ಸಾದ ಮೇಲೆ ಹೀಗೇ’ ಅನ್ನುತ್ತೀರಿ. ಮರೆಗುಳಿ ರೋಗದ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ ತಡೆಯಬಹುದಾದ 14 ಅಪಾಯಗಳನ್ನು ಹೆಸರಿಸಿದೆ. ಕಿವುಡುತನ ಅದರಲ್ಲಿ ಒಂದು. ಆ ಹದಿನಾಲ್ಕನ್ನೂ ನಿಭಾಯಿಸಿದರೆ ಮರೆಗುಳಿ ರೋಗದ ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನುತ್ತದೆ. ಅದರಲ್ಲಿ ಹಲವು ನಡುವಯಸ್ಸಿನ ವಿಷಯಗಳು: ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜು. ಇನ್ನೊಂದು ಬಾಲ್ಯದ್ದು: ಶಿಕ್ಷಣ.

ನಿಮ್ಮ ಕಷ್ಟ ನನಗೆ ಕಾಣದೆ ಇಲ್ಲ. ಬಾಗಿಲ ಹೊರಗಿನ ಸಾಲು ನಾನೂ ನೋಡಿದ್ದೇನೆ, ಅದರಲ್ಲಿ ನಿಂತಿದ್ದೇನೆ. ಒಬ್ಬರಿಗೆ ಐದು ನಿಮಿಷ ಕೊಡುವುದೂ ಕಷ್ಟ ಇರುವಾಗ ಇಡೀ ಬದುಕಿನ ಕಥೆ ಕೇಳುವುದು ಹೇಗೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ ವಾರ್ಡಿನಲ್ಲಿ ದುಡಿಯುವವರಿಗೆ ಮಾತ್ರ ಅಲ್ಲ, ಪಾಠಪಟ್ಟಿ ಮಾಡುವವರಿಗೂ ಆಸ್ಪತ್ರೆಯ ನಿಯಮ ಮಾಡುವವರಿಗೂ ಸೇರಿದ್ದು.

ವಿಶ್ವ ಆರೋಗ್ಯ ಸಂಸ್ಥೆಯಲ್ಲೇ ಇತ್ತೀಚೆಗೆ ನಡೆದದ್ದು ನಿಮಗೆ ನೆನಪಿರಬಹುದು. ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಮುಪ್ಪನ್ನೇ ಒಂದು ಸಂಕೇತ ಸಂಖ್ಯೆ ಕೊಟ್ಟು ಸೇರಿಸಿದ್ದರು. ಹಿರಿಯರ ಸಂಘಟನೆಗಳೂ ವೃದ್ಧರ ವೈದ್ಯರೂ ವಿರೋಧಿಸಿದರು. ಮುಪ್ಪು ಅಂತ ಬರೆದರೆ ಮುಗಿಯಿತು, ಆಮೇಲೆ ಯಾರೂ ನಿಜವಾದ ರೋಗ ಹುಡುಕುವುದಿಲ್ಲ ಅನ್ನುವುದು ಅವರ ವಾದ. ಆ ಪಟ್ಟಿ 2022ರಲ್ಲಿ ಜಾರಿಗೆ ಬರುವ ಹೊತ್ತಿಗೆ ಆ ನಮೂದನ್ನು ಬದಲಿಸಿದರು. ಕಾಗದದಲ್ಲಿ ಗೆದ್ದ ಆ ವಾದ ಇನ್ನೂ ಎಷ್ಟೋ ವಾರ್ಡುಗಳ ತನಕ ಬಂದು ಮುಟ್ಟಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು. ವೈದ್ಯ ಶಿಕ್ಷಣದಲ್ಲಿ ಮಕ್ಕಳ ವಿಭಾಗದಲ್ಲಿ ಕಲಿಯುವುದು ಎಷ್ಟು ಕಡ್ಡಾಯವೋ ವೃದ್ಧರ ವಿಭಾಗದಲ್ಲಿ ಕಲಿಯುವುದೂ ಅಷ್ಟೇ ಕಡ್ಡಾಯವಾಗಲಿ. ನಾಳೆ ವೈದ್ಯರಾಗುವವರು ನೋಡುವ ರೋಗಿಗಳಲ್ಲಿ ಹಿರಿಯರೇ ಜಾಸ್ತಿ ಇರುತ್ತಾರೆ. ಹೊಸ ಔಷಧಗಳನ್ನು ಪರೀಕ್ಷಿಸುವಾಗ ಎಪ್ಪತ್ತೈದು ದಾಟಿದವರನ್ನು, ಎರಡು ಮೂರು ಕಾಯಿಲೆ ಇರುವವರನ್ನು ಹೊರಗಿಡಬೇಡಿ. ಅದನ್ನು ನುಂಗುವವರು ಅವರೇ ಅಲ್ವಾ? ಹಿರಿಯರೊಬ್ಬರು ನಿಮ್ಮ ಬಳಿ ಬಂದಾಗ ವರ್ಷಕ್ಕೆ ಒಂದು ಸಲವಾದರೂ ಅವರು ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು ನೋಡಿ, ಬೇಡದ್ದನ್ನು ನಿಲ್ಲಿಸಿ. ನಿಲ್ಲಿಸುವುದೂ ಚಿಕಿತ್ಸೆಯೇ. ಹೆರಿಗೆಯಾಗಿ ಮನೆಗೆ ಹೋಗುವ ತಾಯಿಯ ಕೈಗೆ ಅವಳ ಮುಂದಿನ ಪರೀಕ್ಷೆಗಳ ದಿನಾಂಕ ಬರೆದ ಕಾಗದ ಕೊಡಿ. ಹುಟ್ಟಿದ ತೂಕ, ಲಸಿಕೆ, ಬಸಿರಿನ ತೊಂದರೆ, ಆಪರೇಷನ್ನು ಎಲ್ಲ ಇರುವ ಒಂದೇ ದಾಖಲೆ ಬದುಕಿಡೀ ರೋಗಿಯ ಬಳಿಯೇ ಇರುವ ವ್ಯವಸ್ಥೆ ಮಾಡಿ. ಹರ್ಟ್‌ಫರ್ಡ್‌ಶೈರ್‌ನ ದಾದಿಯರು ಶಾಯಿಯಲ್ಲಿ ಬರೆದು ಮಾಡಿದ್ದನ್ನು ಕಂಪ್ಯೂಟರ್ ಕಾಲದಲ್ಲಿ ಮಾಡಲಾಗದೇ?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಮನುಷ್ಯನ ಸರಾಸರಿ ಆಯಸ್ಸು ಸುಮಾರು 73 ವರ್ಷ. ಆರೋಗ್ಯವಾಗಿ ಕಳೆಯುವ ಆಯಸ್ಸು ಸುಮಾರು 63. ನಡುವೆ ಹತ್ತು ವರ್ಷ ಇದೆ. ಆಯಸ್ಸು ಹೆಚ್ಚಿಸಿದ್ದಕ್ಕೆ ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆ ಹತ್ತು ವರ್ಷಗಳನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗಬೇಡಿ ಅಂತಷ್ಟೇ ನನ್ನ ಪ್ರಾರ್ಥನೆ.

ಎಲ್ಲವನ್ನೂ ಒಂದೇ ದಿನ ಮಾಡಲಾಗದು ಅಂತ ಗೊತ್ತು. ಆದರೆ ಒಂದನ್ನು ಈ ವಾರವೇ ಶುರು ಮಾಡಬಹುದು. ಆಸ್ಪತ್ರೆಗೆ ಸೇರುವ ದಿನ ರೋಗಿ ಹೇಗೆ ನಡೆದು ಬಂದರು, ಬಿಡುಗಡೆಯ ದಿನ ಹೇಗೆ ನಡೆದು ಹೋದರು ಅನ್ನುವ ಎರಡು ಸಾಲುಗಳನ್ನು ಪ್ರತಿ ಕೇಸ್ ಶೀಟಿನಲ್ಲೂ ಬರೆಯುವುದನ್ನು ಕಡ್ಡಾಯ ಮಾಡಿ. ಎರಡರ ನಡುವೆ ವ್ಯತ್ಯಾಸ ಇದ್ದರೆ ಯಾಕೆ ಅಂತ ಮೂರನೇ ಸಾಲು ಬರೆಯಲಿ. ಆ ಸಾಲಿನಲ್ಲಿ ಬರೀ ವಯಸ್ಸು ಅಂತ ಬರೆದಿದ್ದರೆ ಹಿರಿಯ ವೈದ್ಯರು ಅದನ್ನು ಒಪ್ಪದೆ ವಾಪಸ್ ಕಳಿಸಲಿ.

ಗೌರವಪೂರ್ವಕವಾಗಿ,
ಹಿರಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಿರುವ ಒಬ್ಬ ಮಗಳು